ಒಂದೇ ಕುದುರೆ ಇದ್ದವನ ಲಾಯ

ಹೊರ್ಮುಜ್‌ನಿಂದ ಹಡಗೇರಿದ ಕುದುರೆ ದಾರಿಯಲ್ಲೇ ಸತ್ತರೆ ಅದರ ಬಾಲ ಕತ್ತರಿಸಿ ತಂದು ತೋರಿಸಿದರೆ ಸಾಕು, ಜೀವಂತ ಕುದುರೆಯ ಬೆಲೆಯೇ ವ್ಯಾಪಾರಿಯ ಕೈಸೇರುತ್ತಿತ್ತು. ವಿಜಯನಗರದ ಅರಸ ಸಾಳುವ ನರಸಿಂಹ ಸಾವಿರ ಪರ್ದಾವ್ ನಾಣ್ಯಕ್ಕೆ ಮೂರರಂತೆ, ಸತ್ತಿದೆಯೋ ಬದುಕಿದೆಯೋ ನೋಡದೆ ಕೊಳ್ಳುತ್ತಿದ್ದನಂತೆ. ಹೀಗೆಂದು ಬರೆದವನು ನೂನಿಸ್, 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ. ತನ್ನ ಕಾಲದ ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಾನೆ ಎಂದೂ ಅವನೇ ಹೇಳುತ್ತಾನೆ.

ನಾನು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನೌಕರಿ ಮುಗಿಸಿದವನು. ಇತಿಹಾಸದ ಮೇಷ್ಟ್ರುಗಳು ಈ ಸಂಖ್ಯೆ ಓದಿ ಸಾಮ್ರಾಜ್ಯದ ಸಿರಿ ಎನ್ನುತ್ತಾರೆ. ನನಗೆ ಮೊದಲು ಹೊಳೆಯುವುದು, ಹೋದ ವರ್ಷ ಕೊಂಡವು ಏನಾದವು ಎಂದು. ಒಳ್ಳೆಯವನ್ನು ಆರಿಸಿಟ್ಟುಕೊಂಡು ಉಳಿದವನ್ನು ಅರಸ ತನ್ನ ನಾಯಕರಿಗೆ ದಾಟಿಸುತ್ತಿದ್ದ, ಅದರಲ್ಲಿ ಲಾಭವನ್ನೂ ಮಾಡುತ್ತಿದ್ದ, ನಿಜ. ಆದರೂ ಬಾಲಕ್ಕೆ ಹಣ ಎಣಿಸುವ ಬೊಕ್ಕಸಕ್ಕೆ, ಒಂದು ಕುದುರೆಯ ಹೆಗಲ ಹುಣ್ಣನ್ನು ತಿಂಗಳುಗಟ್ಟಲೆ ತೊಳೆಯುತ್ತ ಕೂರುವ ದರ್ದು ಏನಿತ್ತು? ಹಾಗೆ ಕೂತವರು ಬೇರೆ ಜನ. ಅವರ ಬಳಿ ಇದ್ದದ್ದು ಒಂದೇ ಕುದುರೆ.

ಹೆಗಲ ಹುಣ್ಣು ಅಂದೆ. ಕತ್ತು ಮುಗಿದು ಬೆನ್ನು ಶುರುವಾಗುವ ಎತ್ತರದ ಜಾಗದಲ್ಲಿ, ಬೆನ್ನುಮೂಳೆಯ ಮುಳ್ಳುಗಳಿಗೂ ಮೇಲೆ ಹಾದುಹೋಗುವ ಗಟ್ಟಿ ನಾರಿಗೂ ನಡುವೆ ಲೋಳೆ ತುಂಬಿದ ಸಣ್ಣ ಚೀಲವೊಂದಿದೆ. ಜೀನು ಒತ್ತಿಯೋ, ಪೆಟ್ಟು ಬಿದ್ದೋ, ಒಳಗಿನಿಂದ ಹುಳುವೋ ಬ್ರೂಸೆಲ್ಲಾ ರೋಗಾಣುವೋ ಸೇರಿಯೋ ಆ ಚೀಲ ಕೀತುಕೊಳ್ಳುತ್ತದೆ. ಕಾಲಿನ ಹುಣ್ಣಾದರೆ ಕೀವು ತಾನಾಗಿ ಕೆಳಗಿಳಿದು ಹರಿದುಹೋಗುತ್ತದೆ. ಇದು ಮೈಯ ನೆತ್ತಿಯಲ್ಲಿದೆ. ಕೀವಿಗೆ ಹೊರದಾರಿ ಸಿಗದೆ ಎರಡೂ ಪಕ್ಕದ ಮಾಂಸದ ಪದರಗಳ ನಡುವೆ ಇಳಿದು ಬಿಲ ಕೊರೆಯುತ್ತದೆ. ನಾರಿಗೂ ಮೂಳೆಯ ತುದಿಗೂ ರಕ್ತದ ಸರಬರಾಜು ಕಡಿಮೆ, ಹಾಗಾಗಿ ಸೂಜಿಯಲ್ಲಿ ಕೊಟ್ಟ ಔಷಧ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಮೇಲೆ ಮಾಯ್ದಂತೆ ಕಾಣುತ್ತದೆ, ಮತ್ತೆ ಒಡೆಯುತ್ತದೆ. ಕೊನೆಗೆ ಕೊಯ್ದು, ಸತ್ತ ನಾರನ್ನೂ ಕೊಳೆತ ಮೂಳೆಯನ್ನೂ ಕೆರೆದು ತೆಗೆದು, ಗಾಯವನ್ನು ಹೊಲಿಯದೆ ತೆರೆದೇ ಬಿಡಬೇಕು. ತಳದಿಂದ ಮಾಂಸ ತುಂಬಿಕೊಂಡು ಬರುವವರೆಗೆ ಕಾಯಬೇಕು.

ಈ ಕಾಯುವ ಕೆಲಸದ ಬಗ್ಗೆ ಹಳೆಯ ಪುಸ್ತಕಗಳು ತೀರಾ ಮೌನವಾಗಿಯೇನೂ ಇಲ್ಲ. ಸುಶ್ರುತ ನಾಡೀವ್ರಣವನ್ನು ವಿವರಿಸಿದ್ದಾನೆ. ಬಿಲಕ್ಕೆ ಬತ್ತಿ ತೂರಿಸುವುದು, ಕ್ಷಾರದ ನೂಲು ಹಾಯಿಸುವುದು ಅವನಿಗೆ ಗೊತ್ತಿತ್ತು. ನಾವು ಗಾಜ್ ಬಟ್ಟೆ ತುರುಕುವುದೂ ಅದೇ ಕಾರಣಕ್ಕೆ, ಬಾಯಿ ಮೊದಲು ಮುಚ್ಚಿ ಒಳಗೆ ಕೀವು ಸಿಕ್ಕಿಹಾಕಿಕೊಳ್ಳಬಾರದು. ಕನ್ನಡ ನಾಡಿನಲ್ಲಿ ಚಾಲುಕ್ಯ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ ಕುದುರೆಗಳಿಗೆ ಸಾಕಷ್ಟು ಜಾಗ ಕೊಡುತ್ತದೆ. ಅದೇ ವಂಶದ ಕೀರ್ತಿವರ್ಮ ದನಗಳಿಗಾಗಿ ‘ಗೋವೈದ್ಯ’ ಬರೆದ. ಮುಂದೆ ಅಭಿನವಚಂದ್ರನ ‘ಅಶ್ವವೈದ್ಯ’ ಬಂತು, 1627ರಲ್ಲಿ ಮೈಸೂರಿನ ಚಾಮರಾಜ ಒಡೆಯರ ಆಶ್ರಯದಲ್ಲಿ ಪದ್ಮಣ ಪಂಡಿತನ ‘ಹಯಸಾರಸಮುಚ್ಚಯ’ ಬಂತು. ಹದಿಮೂರನೇ ಶತಮಾನದ ಕೊನೆಗೆ ಮಾರ್ಕೊ ಪೋಲೊ ಮಾಬಾರ್‌ನವರಿಗೆ ಕುದುರೆ ಸಾಕುವುದೇ ಗೊತ್ತಿಲ್ಲ, ಅದಕ್ಕೇ ಅಷ್ಟೊಂದು ಸಾಯುತ್ತವೆ ಎಂದು ಗೊಣಗಿದ್ದು ತಮಿಳು ಕರಾವಳಿಯ ಮಾತು. ಅದನ್ನು ಇಡೀ ದಕ್ಷಿಣಕ್ಕೆ ಹೊದಿಸುವವರು ಈ ಗ್ರಂಥಗಳ ಹೆಸರನ್ನಾದರೂ ಕೇಳಿರಬೇಕಿತ್ತು.

ಆದರೆ ಇವೆಲ್ಲ ಅರಮನೆಯ ನೆರಳಲ್ಲಿ ಹುಟ್ಟಿದ ಪುಸ್ತಕಗಳು. ಲಾಯದ ಲದ್ದಿ ಬಾಚುವವನು ಓದಲಿ ಎಂದು ಬರೆದವಲ್ಲ.

ಒಂದೇ ಕುದುರೆಯವನು ಚರಿತ್ರೆಯಲ್ಲಿ ಎದ್ದು ಕಾಣುವುದು ಸಿಲ್ಲೇದಾರನ ವೇಷದಲ್ಲಿ. ಬಾರ್ಗೀರ ಸರ್ಕಾರದ ಕುದುರೆ ಹತ್ತಿದವನು; ಸಿಲ್ಲೇದಾರ ಸ್ವಂತ ಕುದುರೆ ತಂದು ಸಂಬಳಕ್ಕೆ ನಿಂತವನು. ಕುದುರೆ ಸತ್ತರೆ ಅವನ ನೌಕರಿಯೂ ಸತ್ತಂತೆ. ಟಿಪ್ಪು ಬಿದ್ದ ಮೇಲೆ, 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ 4,000 ಸವಾರರನ್ನು ಇಟ್ಟುಕೊಳ್ಳಬೇಕಾಯಿತು, ಹೆಚ್ಚಿನವರು ಸಿಲ್ಲೇದಾರರು. ಸಿಲ್ಲೇದಾರರು ಯುದ್ಧದಲ್ಲಿ ತಮ್ಮ ಪ್ರಾಣಕ್ಕಿಂತ ಹೆಚ್ಚಾಗಿ ಕುದುರೆಯನ್ನು ಕಾಪಾಡಿಕೊಳ್ಳುತ್ತಾರೆ ಎಂದು ಇಂಗ್ಲಿಷ್ ಅಧಿಕಾರಿಗಳು ಹಂಗಿಸುತ್ತಿದ್ದರು. ಹಂಗಿಸಿದವರ ದಂಡಿನ ಸವಾರನಿಗೆ ಸತ್ತ ಕುದುರೆಯ ಬದಲಿಗೆ ಇನ್ನೊಂದು ಸರ್ಕಾರದಿಂದ ಬರುತ್ತಿತ್ತು. ಆ ಸಿಲ್ಲೇದಾರರ ಲಾಯಗಳಲ್ಲಿ ಏನು ಅರೆದು ಹಚ್ಚುತ್ತಿದ್ದರು, ಯಾರು ರಾತ್ರಿ ಎದ್ದು ನೋಡುತ್ತಿದ್ದರು ಎಂಬುದಕ್ಕೆ ದಫ್ತರವಿಲ್ಲ. ನನಗಂತೂ ‘ಹಯಸಾರಸಮುಚ್ಚಯ’ಕ್ಕಿಂತ ಆ ಬರೆಯದ ಪುಸ್ತಕದ ಮೇಲೆಯೇ ಆಸೆ.

ಕುದುರೆಯನ್ನು ಉಳಿಸಿಕೊಳ್ಳುವ ಬುದ್ಧಿ ಬ್ರಿಟಿಷ್ ಸೈನ್ಯಕ್ಕೆ ಬಂದದ್ದು ಪೆಟ್ಟು ತಿಂದ ಮೇಲೆ. ಫ್ರೆಡರಿಕ್ ಸ್ಮಿತ್ ಎಂಬ ಸೈನ್ಯದ ಪಶುವೈದ್ಯ 1891ರಲ್ಲೇ ಜೀನು ಮತ್ತು ಬೆನ್ನಿನ ಹುಣ್ಣುಗಳ ಬಗ್ಗೆ ಕೈಪಿಡಿ ಬರೆದಿದ್ದ. ಆದರೂ 1899ರಿಂದ 1902ರ ದಕ್ಷಿಣ ಆಫ್ರಿಕದ ಯುದ್ಧದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಕುದುರೆಗಳು ಸತ್ತವು. ಗುಂಡಿಗೆ ಬಲಿಯಾದವು ಅದರಲ್ಲಿ ಕೊಂಚವೇ; ಹೆಚ್ಚಿನವು ದಣಿವು, ಹಸಿವು, ರೋಗಗಳಿಂದ ಸತ್ತವು. ಮೊದಲ ಮಹಾಯುದ್ಧದ ಹೊತ್ತಿಗೆ ಕುದುರೆಗಳಿಗೇ ದೊಡ್ಡ ದೊಡ್ಡ ಆಸ್ಪತ್ರೆಗಳು ಎದ್ದವು. ಅದೇ ಯುದ್ಧದಲ್ಲಿ, 1915ರಲ್ಲಿ, ಡೇಕಿನ್ ಎಂಬ ರಸಾಯನಶಾಸ್ತ್ರಜ್ಞ ಸೈನಿಕರ ಕೊಳೆತ ಗಾಯ ತೊಳೆಯಲು ನೂರಕ್ಕೆ ಅರ್ಧದಷ್ಟು ಹೈಪೋಕ್ಲೋರೈಟ್ ಬೆರೆಸಿದ ನೀರು ಕಂಡುಹಿಡಿದ. ನಾನು ಕೆಲಸಕ್ಕೆ ಸೇರಿದಾಗಲೂ ಅದರ ಬಾಟಲಿ ಕಪಾಟಿನಲ್ಲಿತ್ತು, ಮುಚ್ಚಳ ತೆಗೆದರೆ ಈಜುಕೊಳದ ವಾಸನೆ. ಆ ಯುದ್ಧದಲ್ಲೇ ಹೈಫಾದಲ್ಲಿ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜತೆ ನುಗ್ಗಿದ ಮೈಸೂರು ಲಾನ್ಸರ್ಸ್‌ಗೆ ಬೆಂಗಳೂರಿನಲ್ಲಿ ಸ್ಮಾರಕವಿದೆ. ಕಲ್ಲಿನ ಮೇಲೆ ಹೆಸರು ಪಡೆಯಲು ಸವಾರನಾಗಿರಬೇಕು. ಕುದುರೆ ತಿಕ್ಕುವ ಸಾಯಿಸನಿಗೆ ಅಷ್ಟು ಸುಲಭವಲ್ಲ.

ಲಾನ್ಸರ್ಸ್ ಹೋದರು, ಜಟಕಾ ಉಳಿಯಿತು. ಮೈಸೂರಿನ ಜಟಕಾದವರಲ್ಲಿ ಒಬ್ಬ ನಮ್ಮ ಹಿಂದಿನ ಬೀದಿಯವನು. ಅವನ ಕುದುರೆ ಚಂಪಾಳ ಹೆಗಲು ಎರಡು ಮಳೆಗಾಲ ಒಡೆದು ಮಾಯ್ದು ಒಡೆಯಿತು. ಜಟಕಾದ ಎರಡು ಮೂಕಿಗಳ ಭಾರ ಪಟ್ಟಿಯ ಮೂಲಕ ಬೆನ್ನಿನ ಗಾದಿಯ ಮೇಲೆ ಬೀಳುತ್ತದೆ. ಗಾದಿಯ ಹತ್ತಿ ಕೂತುಹೋಗಿ ಮರದ ಬಿಲ್ಲೆ ನೇರವಾಗಿ ಮೂಳೆಗೆ ತಾಗಿದರೆ ಇಂಥ ಹುಣ್ಣು ಏಳುತ್ತದೆ. ಡಾಕ್ಟರು ಅವಳನ್ನು ಕೆಡವಲಿಲ್ಲ. ಮಂಪರಿನ ಸೂಜಿ ಕೊಟ್ಟು, ಹೆಗಲ ಸುತ್ತ ಮರಗಟ್ಟಿಸಿ, ನಿಂತಹಾಗೆಯೇ ಕೊಯ್ದರು. ಕೊಯ್ಯುವುದು ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು.

“ಸಾಹೇಬ್ರೆ, ಡಾಕ್ಟ್ರು ಹೋದ್ರು. ಇನ್ನು ನಾವಿಬ್ರೇನಾ?” ಎಂದ ಅವನು.

“ಮೂರು ಜನ. ನಿನ್ ಹೆಂಡ್ತೀನೂ ಕರಿ,” ಎಂದೆ.

ಅವನ ಹೆಂಡತಿ ನೀರು ಕಾಯಿಸುವುದರಲ್ಲಿ ನನಗಿಂತ ಕಟ್ಟುನಿಟ್ಟು. ಕುದಿಸಿ ಆರಿಸಿದ ನೀರಿಗೆ ಲೀಟರಿಗೆ ಒಂಬತ್ತು ಗ್ರಾಂ ಉಪ್ಪು, ಅಂದರೆ ಎರಡು ಚಮಚಕ್ಕೆ ತುಸು ಕಡಿಮೆ. ದೊಡ್ಡ ಸಿರಿಂಜಿಗೆ ರಬ್ಬರ್ ನಳಿಗೆ ಸಿಕ್ಕಿಸಿ ಬಿಲದ ತಳದವರೆಗೆ ಹೋಗಿ ತೊಳೆಯಬೇಕು. ಮೇಲಿನಿಂದ ಬಿಟ್ಟ ನೀರು ಕೆಳಗೆ ಡಾಕ್ಟರು ಮಾಡಿಟ್ಟ ರಂಧ್ರದಿಂದ ಬರಬೇಕು. ಬಾರದಿದ್ದರೆ ಎಲ್ಲೋ ಗೋಡೆ ಅಂಟಿಕೊಂಡಿದೆ ಎಂದರ್ಥ. ಆಮೇಲೆ ಪೊವಿಡೋನ್ ಅಯೋಡಿನ್ ತೆಳುವಾಗಿ, ಟೀ ಬಣ್ಣಕ್ಕೆ ಬರುವಷ್ಟೇ. ಗಟ್ಟಿಯಾಗಿ ಸುರಿದರೆ ಹೊಸದಾಗಿ ಹುಟ್ಟುತ್ತಿರುವ ಮಾಂಸವೂ ಸುಡುತ್ತದೆ. ಕೈಗವಸು ಬಿಡುವಂತಿಲ್ಲ: ಬ್ರೂಸೆಲ್ಲಾ ಇದ್ದರೆ ಆ ಕೀವಿನಿಂದ ಮನುಷ್ಯನಿಗೂ ಬಿಡದ ಜ್ವರ ಹತ್ತುತ್ತದೆ, ಗಬ್ಬದ ಹಸು ಮುಟ್ಟಿದರೆ ಕಂದು ಹಾಕಿಬಿಡುತ್ತದೆ. ಪಕ್ಕದ ಮನೆಯ ಹಸುವನ್ನು ಬೇರೆ ಕಡೆ ಕಟ್ಟಿಸಲು ನಡೆದ ಪಂಚಾಯಿತಿಯೇ ಒಂದು ಕಥೆ, ಇಲ್ಲಿ ಬೇಡ.

ತಿನ್ನಿಸುವುದು ಇನ್ನೊಂದು ತಲೆನೋವು. ನಮ್ಮ ಕಡೆ ಕುದುರೆ ಎಂದರೆ ಹುರುಳಿ, ಬೇಯಿಸಿ ಆರಿಸಿದ ಹುರುಳಿ. ಗಾಡಿ ಎಳೆಯುವ ಕುದುರೆಗೆ ಅದು ಸರಿ. ಕಟ್ಟಿಹಾಕಿದ ಕುದುರೆಗೆ ಅದೇ ಅಳತೆ ಸುರಿದರೆ ಹೊಟ್ಟೆನೋವು ಬರುತ್ತದೆ, ಗೊರಸಿನೊಳಗೆ ಉರಿ ಕಟ್ಟಿ ಕುಂಟುತ್ತದೆ. ಕುದುರೆಗೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲ, ಒಳಗೆ ಹೋದದ್ದು ಹಿಂದಿನಿಂದಲೇ ಬರಬೇಕು. ಆದ್ದರಿಂದ ಹುರುಳಿ ಇಳಿಸಿ, ಒದ್ದೆ ಬೂಸ, ಹಸಿ ಹುಲ್ಲು, ಕೈಹಿಡಿದು ಬೀದಿಯ ಕೊನೆವರೆಗೆ ಮೆಲ್ಲಗೆ ನಡೆಸುವುದು. ದಿನಾ ಬೆಳಗ್ಗೆ ಲದ್ದಿ ಎಷ್ಟು ಗುಡ್ಡೆ, ಗಟ್ಟಿಯೋ ನೀರೋ ಎಂದು ನೋಡುವುದು. ಪೆನಿಸಿಲಿನ್ ಕುತ್ತಿಗೆಗೆ ದಿನಕ್ಕೆ ಎರಡು ಸಲ, ಪಕ್ಕ ಬದಲಿಸಿ. ಮುನ್ನೂರು ಕಿಲೋ ಪ್ರಾಣಿಗೆ ಒಂದು ಸಲಕ್ಕೆ ಇಪ್ಪತ್ತು ಮಿಲಿ ದಾಟುತ್ತದೆ, ಚಂಪಾ ಸಿರಿಂಜ್ ಕಂಡರೆ ಗೋಡೆಗೆ ನನ್ನನ್ನೇ ಒತ್ತುತ್ತಿದ್ದಳು. ಧನುರ್ವಾಯುವಿನ ಸೂಜಿ ಮೊದಲೇ ಆಗಿತ್ತು. ಸಾಕುಪ್ರಾಣಿಗಳಲ್ಲಿ ಆ ರೋಗಕ್ಕೆ ಕುದುರೆಯಷ್ಟು ಸುಲಭದ ತುತ್ತು ಇನ್ನೊಂದಿಲ್ಲ. ಜ್ವರ 38.5 ಡಿಗ್ರಿ ದಾಟಿದರೆ ಡಾಕ್ಟರಿಗೆ ಫೋನು.

ಇವೆಲ್ಲಕ್ಕಿಂತ ದೊಡ್ಡ ಶತ್ರು ಅವಳ ಹೊರಳುವ ಚಟ. ಮೈ ನವೆಯಾದ ಕುದುರೆ ಅಂಗಾತ ಬಿದ್ದು ಹೊರಳುತ್ತದೆ, ಹೊರಳಿದರೆ ತೆರೆದ ಗಾಯ ನೇರ ಮಣ್ಣಿಗೆ. ಜಟಕಾದವನು ಹಗಲು ಗೂಟಕ್ಕೆ ಹಗ್ಗ ಗಿಡ್ಡ ಕಟ್ಟಿ ಪಕ್ಕದಲ್ಲೇ ಕೂತು ಖರಾರದಿಂದ ಮೈ ಉಜ್ಜುತ್ತಿದ್ದ, ನವೆ ಹುಟ್ಟದ ಹಾಗೆ. ನೊಣಕ್ಕೆ ಗಾಯದ ಸುತ್ತ ಬೇವಿನೆಣ್ಣೆ, ಮೇಲೆ ಸೊಳ್ಳೆಪರದೆಯ ತುಂಡು. ಪುಸ್ತಕದಲ್ಲಿ ಇದು ಎಲ್ಲೂ ಇಲ್ಲ. ಸಿಲ್ಲೇದಾರನೂ ಹೀಗೇ ಕೂತಿದ್ದನೇನೋ ಎಂದು ನಾನು ಊಹಿಸಿದೆನೇ ಹೊರತು ಅವನಿಗೆ ಹೇಳಲಿಲ್ಲ. ಅವನಿಗೆ ಅವತ್ತಿನ ಬೂಸದ ರೇಟು ಮುಖ್ಯ.

ಮನೆಯಲ್ಲಿ ಶುಶ್ರೂಷೆ ಮಾಡಲೇಬಾರದ ಹುಣ್ಣೂ ಒಂದಿದೆ. ಗ್ಲಾಂಡರ್ಸ್ ಬಂದರೆ ಚರ್ಮದ ಮೇಲೆ ಗಂಟು ಸಾಲಾಗಿ ಎದ್ದು ಒಡೆದು ಜೇನಿನಂಥ ಕೀವು ಸುರಿಯುತ್ತದೆ. 1882ರಲ್ಲಿ ಲೋಫ್ಲರ್ ಮತ್ತು ಶ್ಯೂಟ್ಜ್ ರೋಗಾಣುವನ್ನು ಗುರುತಿಸಿದರು. ಪತ್ತೆಗೆ ಬೇಕಾದ ಮ್ಯಾಲಿನ್ ತಯಾರಿಸಿದವರಲ್ಲಿ ಒಬ್ಬನಾದ ಕಾಲ್ನಿಂಗ್ ಅದೇ ರೋಗ ತಗುಲಿ ಸತ್ತ. ಭಾರತದಲ್ಲಿ 1899ರ ಗ್ಲಾಂಡರ್ಸ್ ಮತ್ತು ಫಾರ್ಸಿ ಕಾಯಿದೆ ಬಂತು: ರೋಗ ಖಚಿತವಾದರೆ ಕುದುರೆಯನ್ನು ಕೊಲ್ಲಬೇಕು. 2009ರ ಹೊಸ ಕಾಯಿದೆ ಬಂದ ಮೇಲೂ ಕೊಲ್ಲುವ ಮಾತು ಹಾಗೇ ಇದೆ. ನೂರು ಕುದುರೆಯ ಯಜಮಾನ ಒಂದನ್ನು ಒಪ್ಪಿಸಿ ತೊಂಬತ್ತೊಂಬತ್ತು ಉಳಿಸಿಕೊಳ್ಳುತ್ತಾನೆ. ಒಂದೇ ಕುದುರೆಯವರು ರಾತ್ರೋರಾತ್ರಿ ಬೇರೆ ಊರಿಗೆ ಹೊಡೆದುಕೊಂಡು ಹೋಗಿಬಿಡುತ್ತಿದ್ದರು ಎಂದು ಇಲಾಖೆಯ ಹಳಬರು ಬೈಯುತ್ತ ಹೇಳುತ್ತಿದ್ದರು. ಹೋದಲ್ಲೆಲ್ಲ ರೋಗ ಹರಡುತ್ತದೆ, ಮನುಷ್ಯರಿಗೂ. ಅವರು ಬೈದದ್ದು ಸರಿ. ಓಡಿಹೋದವರ ಲೆಕ್ಕವೂ ನನಗೆ ಅರ್ಥವಾಗುತ್ತದೆ. ಚಂಪಾಳ ರಕ್ತವನ್ನು ಕೊಯ್ಯುವ ಮೊದಲೇ ಪರೀಕ್ಷೆಗೆ ಕಳಿಸಿದ್ದೆವು. ವರದಿ ಬರುವವರೆಗೆ ಅವನು ನನ್ನ ಮನೆ ಕಡೆ ತಲೆಹಾಕಲಿಲ್ಲ.

ದಸರಾಕ್ಕೆ ಗಾಡಿ ಕಟ್ಟಲೇಬೇಕೆಂದು ಅವನು ಹಟ ಹಿಡಿದ. ಗಾಯ ಮುಚ್ಚಿದೆ, ಒಳಗೆ ಗಟ್ಟಿಯಾಗಿಲ್ಲ ಎಂದರು ಡಾಕ್ಟರು. ಹೊಸ ಗಾದಿ ಹೊಲಿಸಲು ಹೇಳಿದೆ, ನಡುವೆ ಕಾಲುವೆ ಬಿಟ್ಟು ಎರಡು ಮೆತ್ತೆ, ಹೆಗಲ ಮೂಳೆಗೆ ಏನೂ ತಾಗದಂತೆ. ಹೊಲಿಸಿದ. ಆದರೆ ಆ ದಸರಾಕ್ಕೆ ಅದನ್ನು ಹಾಕಿದ್ದು ಭಾವಮೈದುನನ ಕುದುರೆಗೆ. ದುಡಿಮೆಯಲ್ಲಿ ಅರ್ಧ ಭಾವಮೈದುನನಿಗೆ ಹೋಯಿತು, ಉಳಿದರ್ಧದಲ್ಲಿ ಚಂಪಾಳ ಬೂಸದ ಸಾಲ ತೀರಿತು.