ಚಿಂಚೋಳಿ ವನ್ಯಜೀವಿಧಾಮದಲ್ಲಿ ಜಲಪಾತ ಹಾಗೂ ನಿಸರ್ಗ ಛಾಯಾಗ್ರಹಣ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಕಲಬುರಗಿ ಜಿಲ್ಲೆಯೆಂದರೆ ತೊಗರಿಯ ಹೊಲ, ಕಪ್ಪು ಎರೆಭೂಮಿ ಹಾಗೂ ಬಿಸಿಲು ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಜಿಲ್ಲೆಯ ಈಶಾನ್ಯ ಭಾಗದಲ್ಲಿ, ತೆಲಂಗಾಣದ ಗಡಿಗೆ ಹೊಂದಿಕೊಂಡಿರುವ ಚಿಂಚೋಳಿ ತಾಲ್ಲೂಕಿನಲ್ಲಿ ಗುಡ್ಡಸಾಲು, ಕುರುಚಲು ಕಾಡು, ಚಂದ್ರಂಪಳ್ಳಿ ಜಲಾಶಯ ಮತ್ತು ಎತ್ತಿಪೋತ ಜಲಪಾತಗಳಿವೆ. ಇಲ್ಲಿಯ ಅರಣ್ಯ ಪ್ರದೇಶವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಇದರ ವಿಸ್ತೀರ್ಣ 134.88 ಚದರ ಕಿ.ಮೀ. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ ಹಾಗೂ ಕೊಂಡುಕುರಿಗಳು ಈ ಒಣನಾಡಿನ ಕಾಡಿನ ಪ್ರಮುಖ ಪ್ರಾಣಿಗಳು.

ಮಳೆಗಾಲದಲ್ಲಿ ಕಲಬುರಗಿ ನಗರ, ಕಮಲಾಪುರ ಹಾಗೂ ಸುತ್ತಲಿನ ಊರುಗಳಿಂದ ಛಾಯಾಚಿತ್ರ ತೆಗೆಯಲು ಇಲ್ಲಿಗೆ ಬರುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2. ಅನುಮತಿ ಏಕೆ ಅವಶ್ಯಕ

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಕಲಂ 27ರ ಅನ್ವಯ ವನ್ಯಜೀವಿಧಾಮದೊಳಗೆ ಪ್ರವೇಶವು ನಿರ್ಬಂಧಿತವಾಗಿದೆ. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಈ ನಿರ್ಬಂಧವಿಲ್ಲ. ಆದರೆ ವಾಹನ ನಿಲ್ಲಿಸಿ ಕಾಡಿನೊಳಗೆ ನಡೆದುಹೋಗುವುದು ಹಾದುಹೋಗುವುದೆಂದು ಪರಿಗಣಿತವಾಗುವುದಿಲ್ಲ.

ಕಲಂ 28ರಡಿ ಅಧ್ಯಯನ, ಛಾಯಾಗ್ರಹಣ, ಚಲನಚಿತ್ರ ತಯಾರಿಕೆ, ಸಂಶೋಧನೆ, ಪ್ರವಾಸೋದ್ಯಮ ಮುಂತಾದ ಉದ್ದೇಶಗಳಿಗೆ ಪರವಾನಗಿ ನೀಡುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗಿದೆ. 2022ರ ತಿದ್ದುಪಡಿಯ ಪ್ರಕಾರ ಛಾಯಾಗ್ರಹಣ ಹಾಗೂ ಚಿತ್ರೀಕರಣವು ವನ್ಯಜೀವಿಗಳ ಆವಾಸಸ್ಥಾನದಲ್ಲಿ ಬದಲಾವಣೆ ಉಂಟುಮಾಡತಕ್ಕದ್ದಲ್ಲ ಹಾಗೂ ವನ್ಯಜೀವಿಗಳಿಗೆ ಬಾಧಕವಾಗತಕ್ಕದ್ದಲ್ಲ. ಚೌಕಟ್ಟಿಗೆ ಅಡ್ಡವಾಗುವ ಕೊಂಬೆಯನ್ನು ಕಡಿಯುವುದೂ ಇದರ ಉಲ್ಲಂಘನೆಯಾಗುತ್ತದೆ.

3. ಅರ್ಜಿ ಸಲ್ಲಿಸುವ ಕ್ರಮ

ಅರ್ಜಿಯನ್ನು ಕಲಬುರಗಿಯ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಚೇರಿಯ ಮುಖಾಂತರ ಸಲ್ಲಿಸುವುದು. ಅರ್ಜಿಯಲ್ಲಿ ಈ ಕೆಳಗಿನ ವಿವರಗಳು ಸ್ಪಷ್ಟವಾಗಿರಲಿ.

ಅ) ತಂಡದ ಪ್ರತಿಯೊಬ್ಬರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಮತ್ತು ಗುರುತಿನ ಚೀಟಿಯ ಪ್ರತಿ
ಆ) ಭೇಟಿಯ ದಿನಾಂಕ, ಪ್ರವೇಶ ಮತ್ತು ನಿರ್ಗಮನದ ವೇಳೆ
ಇ) ನಡೆದುಹೋಗುವ ಮಾರ್ಗ ಮತ್ತು ಸ್ಥಳಗಳು
ಈ) ಕ್ಯಾಮೆರಾ ಹಾಗೂ ಇತರ ಸಲಕರಣೆಗಳ ವಿವರ
ಉ) ಉದ್ದೇಶ: ಸ್ವಂತ ಬಳಕೆ, ಅಧ್ಯಯನ ಅಥವಾ ವಾಣಿಜ್ಯ ಚಿತ್ರೀಕರಣ

ಉದ್ದೇಶವನ್ನು ಮರೆಮಾಚಿ, ಸ್ವಂತ ಬಳಕೆಗೆಂದು ಪಡೆದ ಅನುಮತಿಯಲ್ಲಿ ವಾಣಿಜ್ಯ ಚಿತ್ರೀಕರಣ ನಡೆಸಕೂಡದು. ಪಾವತಿಸಿದ ಶುಲ್ಕಕ್ಕೆ ರಸೀದಿ ಪಡೆದು, ಅನುಮತಿ ಪತ್ರದೊಂದಿಗೆ ಇಟ್ಟುಕೊಂಡು, ಸಿಬ್ಬಂದಿ ಕೇಳಿದಾಗ ತೋರಿಸುವುದು.

ಡ್ರೋನ್ ನಿಯಮಗಳು, 2021ರಂತೆ ಡ್ರೋನಿಗೆ ವಿಶಿಷ್ಟ ಗುರುತಿನ ಸಂಖ್ಯೆ ಪಡೆದಿದ್ದರೂ, ವನ್ಯಜೀವಿಧಾಮದ ಮೇಲೆ ಹಾರಿಸುವ ಹಕ್ಕು ಅದರಿಂದ ಲಭಿಸುವುದಿಲ್ಲ. ಡ್ರೋನ್ ಬಳಸುವ ಉದ್ದೇಶವಿದ್ದಲ್ಲಿ ಅರ್ಜಿಯಲ್ಲಿಯೇ ನಮೂದಿಸತಕ್ಕದ್ದು.

4. ಸೂಕ್ತ ಕಾಲ

ಇದು ಒಣ ಪ್ರದೇಶವಾದ್ದರಿಂದ ಎತ್ತಿಪೋತದ ಸೊಬಗು ಮಳೆಯನ್ನೇ ಅವಲಂಬಿಸಿದೆ. ಹೀಗಾಗಿ ಜಲಪಾತ ತುಂಬಿ ಧುಮುಕುವ ದಿನಗಳೂ ಅಪಾಯದ ದಿನಗಳೂ ಒಂದೇ ಆಗಿವೆ. ಜಡಿಮಳೆಯ ದಿನವೇ ಹೋದರೆ ಉತ್ತಮ ಚಿತ್ರ ದೊರೆಯುವುದೆಂಬ ಅಭಿಪ್ರಾಯ ಸರಿಯಲ್ಲ. ಅಂದು ನೀರು ಕೆಂಪು ರಾಡಿಯಾಗಿರುತ್ತದೆ, ಬಂಡೆಗಳು ಮುಳುಗಿರುತ್ತವೆ, ತುಂತುರು ಮಸೂರವನ್ನು ಮುಸುಕುತ್ತದೆ. ಮಳೆ ನಿಂತು ಎರಡು ಮೂರು ದಿನಗಳಾದ ನಂತರ ನೀರು ತಿಳಿಯಾಗುತ್ತದೆ, ಬಂಡೆಯ ಆಕಾರ ಎದ್ದು ಕಾಣುತ್ತದೆ, ಕಾಡಿನ ಹಸಿರೂ ಉಳಿದಿರುತ್ತದೆ. ಚಿತ್ರಕ್ಕೂ ಸುರಕ್ಷತೆಗೂ ಈ ದಿನಗಳೇ ಯೋಗ್ಯ.

5. ಛಾಯಾಗ್ರಾಹಕರಿಗೆ ಸಲಹೆಗಳು

ಅ) ನೀರಿನ ಧಾರೆ ರೇಷ್ಮೆಯಂತೆ ನಯವಾಗಿ ಮೂಡಲು ಕ್ಯಾಮೆರಾವನ್ನು ಟ್ರೈಪಾಡ್ ಮೇಲಿರಿಸಿ ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನವರೆಗೆ ಶಟರ್ ತೆರೆದಿಡಬಹುದು. ಹನಿಗಳು ಬಿಡಿಬಿಡಿಯಾಗಿ ಕಾಣಲು ಸೆಕೆಂಡಿನ 500ನೇ ಒಂದು ಭಾಗ ಅಥವಾ ಇನ್ನೂ ಕಡಿಮೆ ಅವಧಿ ಬೇಕು.
ಆ) ನೆತ್ತಿಯ ಬಿಸಿಲಿನಲ್ಲಿ ನೀರು ಬರಿ ಬಿಳಿಯಾಗಿ ಮೂಡುತ್ತದೆ. ತೆಳುಮೋಡದ ಬೆಳಕು ಜಲಪಾತಕ್ಕೆ ಹಿತ. ಪೋಲರೈಸರ್ ಫಿಲ್ಟರ್ ಒದ್ದೆ ಬಂಡೆಯ ಹೊಳಪನ್ನು ತಗ್ಗಿಸುತ್ತದೆ.
ಇ) ಗುಡ್ಡಸಾಲು ಮತ್ತು ಜಲಾಶಯದ ನೋಟಕ್ಕೆ ಬೆಳಗಿನ ಓರೆ ಬೆಳಕು ಉತ್ತಮ. ಆ ವೇಳೆ ಇಳಿಜಾರುಗಳ ನೆರಳು ಗುಡ್ಡಕ್ಕೆ ಆಳ ನೀಡುತ್ತದೆ.
ಈ) ದೂರದಿಂದ ಟೆಲಿ ಮಸೂರ ಬಳಸಿದಲ್ಲಿ ಅಂಚಿಗೆ ಹೋಗುವ ಅಗತ್ಯವಿರುವುದಿಲ್ಲ.

6. ಸುರಕ್ಷತೆ

2023ರ ಜುಲೈನಲ್ಲಿ ಉಡುಪಿ ಜಿಲ್ಲೆಯ ಕೊಲ್ಲೂರು ಸಮೀಪದ ಅರಿಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ, ಜೊತೆಗಿದ್ದವರು ವೀಡಿಯೊ ತೆಗೆಯುತ್ತಿರುವಾಗಲೇ ಕಾಲು ಜಾರಿ ನೀರುಪಾಲಾದನು. ಶವ ದೊರೆಯಲು ಹಲವು ದಿನಗಳೇ ಹಿಡಿದವು. ಪಾಚಿ ಕಟ್ಟಿದ ಬಂಡೆ ಎಲ್ಲ ಕಡೆಯೂ ಒಂದೇ.

ಅ) ಜಲಪಾತದ ನೆತ್ತಿಗೆ ಹತ್ತುವುದಾಗಲಿ, ಮಡುವಿಗೆ ಇಳಿಯುವುದಾಗಲಿ ಮಾಡಬಾರದು.
ಆ) ನಿಂತ ಸ್ಥಳದಲ್ಲಿ ಮಳೆ ಇಲ್ಲದಿದ್ದರೂ ಮೇಲ್ಭಾಗದಲ್ಲಿ ಮಳೆಯಾಗಿ ಹಳ್ಳ ಏರಬಹುದು. ತಿಳಿನೀರು ಹಠಾತ್ತನೆ ಕೆಂಪಾದರೆ, ಕಸಕಡ್ಡಿ ತೇಲಿಬಂದರೆ ಅಥವಾ ಭೋರ್ಗರೆತ ಹೆಚ್ಚಿದರೆ ಸಲಕರಣೆಗಳನ್ನು ಬಿಟ್ಟಾದರೂ ಕೂಡಲೇ ದಡದ ಎತ್ತರದ ಜಾಗಕ್ಕೆ ಹೋಗತಕ್ಕದ್ದು.
ಇ) ಒಬ್ಬರೇ ಹೋಗಬಾರದು. ಹಿಂದಿರುಗುವ ವೇಳೆಯನ್ನು ಮನೆಯಲ್ಲಿ ತಿಳಿಸಿರಬೇಕು. ಚಿಂಚೋಳಿ ಪಟ್ಟಣವು ಕಲಬುರಗಿಯಿಂದ 80 ಕಿ.ಮೀ.ಗೂ ಹೆಚ್ಚು ದೂರದಲ್ಲಿರುವುದರಿಂದ, ಅದೇ ದಿನ ಮರಳುವವರು ಹೊತ್ತು ಮುಳುಗುವ ಮುನ್ನವೇ ಕಾಡಿನಿಂದ ಹೊರಬರುವಂತೆ ಯೋಜಿಸಿಕೊಳ್ಳುವುದು.

7. ನಿಷೇಧಿತ ಕೃತ್ಯಗಳು

ಬೆಂಕಿ ಹಚ್ಚುವುದು, ಆಯುಧ ಒಯ್ಯುವುದು, ಪ್ರಾಣಿಗಳನ್ನು ಕೆಣಕುವುದು ಹಾಗೂ ಕಸ ಎಸೆಯುವುದು ಅಪರಾಧವಾಗಿರುತ್ತದೆ. ಅಧಿನಿಯಮದ ಕಲಂ 51ರಡಿ, ಪರವಾನಗಿಯ ಷರತ್ತು ಮುರಿದವರಿಗೂ ಸೇರಿದಂತೆ, ಮೂರು ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ತೋಳದ ಗುಹೆ ಹಾಗೂ ಹಕ್ಕಿಗಳ ಗೂಡುಗಳ ಸಮೀಪ ಹೋಗಬಾರದು, ಅವುಗಳ ನಿಖರ ಸ್ಥಳವನ್ನು ಚಿತ್ರದೊಂದಿಗೆ ಪ್ರಕಟಿಸಬಾರದು. ಸುತ್ತಲಿನ ತಾಂಡಾಗಳ ನಿವಾಸಿಗಳ ಚಿತ್ರ ತೆಗೆಯುವ ಮುನ್ನ ಅವರ ಒಪ್ಪಿಗೆ ಪಡೆಯುವುದು.

8. ತುರ್ತು ಸಂಪರ್ಕ

ತುರ್ತು ಸಹಾಯಕ್ಕೆ 112, ಅರಣ್ಯ ಇಲಾಖೆಯ ಸಹಾಯವಾಣಿಗೆ 1926. ಕಾಡಿನೊಳಗೆ ಮೊಬೈಲ್ ಸಂಕೇತ ದೊರೆಯದಿರಬಹುದಾದ್ದರಿಂದ ಪ್ರವೇಶಕ್ಕೆ ಮುನ್ನ ಸಿಬ್ಬಂದಿಗೆ ತಂಡದ ವಿವರ ನೀಡುವುದು. ಮಳೆ ಅಥವಾ ಪ್ರವಾಹದ ಕಾರಣ ಸ್ಥಳದಲ್ಲಿರುವ ಸಿಬ್ಬಂದಿ ತಡೆದಲ್ಲಿ, ಅನುಮತಿ ಪತ್ರವಿದ್ದರೂ ಮುಂದುವರಿಯದೆ ಸಹಕರಿಸಲು ಸಾರ್ವಜನಿಕರನ್ನು ಕೋರಲಾಗಿದೆ.