ಕೃಷ್ಣಾ ಹಾಗೂ ಉಪನದಿಗಳಲ್ಲಿ ಸುರಕ್ಷಿತ ಸಂಚಾರ: ಗಡಿ ತಾಲೂಕುಗಳ ನಾಗರಿಕರಿಗೆ ಮಾಹಿತಿ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳ ನದಿತೀರದ ಗ್ರಾಮಗಳಲ್ಲಿ ಮಳೆಗಾಲದ ಸಂಚಾರವು ಬಹುಮಟ್ಟಿಗೆ ನೆರೆಯ ಮಹಾರಾಷ್ಟ್ರ ರಾಜ್ಯದಲ್ಲಿ ಬೀಳುವ ಮಳೆ ಹಾಗೂ ಅಲ್ಲಿನ ಜಲಾಶಯಗಳಿಂದ ಹೊರಬಿಡುವ ನೀರನ್ನು ಅವಲಂಬಿಸಿರುತ್ತದೆ. ಸ್ಥಳೀಯವಾಗಿ ಒಂದು ಹನಿ ಮಳೆ ಇಲ್ಲದ ದಿನವೂ ಇಲ್ಲಿನ ಸೇತುವೆಗಳು ಮುಳುಗುವುದುಂಟು. ಆದುದರಿಂದ ನದಿ ದಾಟುವ ಪ್ರತಿಯೊಬ್ಬರೂ ಮೇಲ್ಭಾಗದ ನೀರಿನ ವಿವರವನ್ನು ತಿಳಿದಿರುವುದು ಅವಶ್ಯಕ.

ನೀರು ಬರುವ ಮಾರ್ಗ

ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣಾ ನದಿಗೆ ಕರಾಡದಲ್ಲಿ ಕೊಯ್ನಾ, ಸಾಂಗಲಿಯ ಸಮೀಪ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ ನದಿಗಳು ಸೇರುತ್ತವೆ. ಇವುಗಳಲ್ಲಿ ಕೊಯ್ನಾ ಜಲಾಶಯದ ಸಾಮರ್ಥ್ಯವೇ ಸುಮಾರು 105 ಟಿಎಂಸಿ. ಈ ಎಲ್ಲ ನೀರು ಶಿರೋಳ ತಾಲೂಕಿನ ರಾಜಾಪುರ ಬ್ಯಾರೇಜನ್ನು ದಾಟಿ ಕರ್ನಾಟಕವನ್ನು ಪ್ರವೇಶಿಸುತ್ತದೆ. ಮತ್ತೊಂದು ಕಡೆಯಿಂದ ವೇದಗಂಗಾ ನದಿಯನ್ನು ಕೂಡಿಕೊಂಡ ದೂಧಗಂಗಾ ನದಿಯು ಚಿಕ್ಕೋಡಿ ತಾಲೂಕಿನ ಕಲ್ಲೋಳದ ಬಳಿ ಕೃಷ್ಣೆಯನ್ನು ಸೇರುತ್ತದೆ. ನರಸೋಬವಾಡಿಯ ದತ್ತ ಪಾದುಕೆಗಳ ಮೇಲೆ ನೀರು ಹರಿದು ದಕ್ಷಿಣದ್ವಾರದಿಂದ ಹೊರಬಂದಿತೆಂಬ ಸುದ್ದಿಯಿಂದಲೇ ಮಹಾಪೂರವನ್ನು ಊಹಿಸುವ ಹಿರಿಯರು ಈ ಭಾಗದಲ್ಲಿ ಇಂದಿಗೂ ಇದ್ದಾರೆ. ಅದು ತಪ್ಪು ಲೆಕ್ಕವಲ್ಲ. ಆದರೆ ಈಗ ಅದಕ್ಕಿಂತ ನಿಖರವಾದ ಅಂಕಿ ಅಂಶಗಳು ಪ್ರತಿದಿನ ದೊರೆಯುತ್ತವೆ.

ಪ್ರವಾಹದ ಪ್ರಕಟಣೆಯನ್ನು ಓದುವ ಬಗೆ

ಮಳೆಗಾಲದಲ್ಲಿ ಹೊರಡುವ ದೈನಂದಿನ ಪ್ರಕಟಣೆಯಲ್ಲಿ ರಾಜಾಪುರ ಬ್ಯಾರೇಜಿನ ಹೊರಹರಿವು ಮತ್ತು ದೂಧಗಂಗಾ ನದಿಯ ಹರಿವು ಎಂಬ ಎರಡು ಸಂಖ್ಯೆಗಳು ಮುಖ್ಯವಾದವು. ಇವೆರಡರ ಮೊತ್ತವೇ ಕಲ್ಲೋಳದಿಂದ ಕೆಳಗೆ ಕೃಷ್ಣೆಯಲ್ಲಿ ಹರಿಯುವ ನೀರು. ಉದಾಹರಣೆಗೆ ರಾಜಾಪುರದಿಂದ 80,000 ಕ್ಯುಸೆಕ್, ದೂಧಗಂಗೆಯಿಂದ 20,000 ಕ್ಯುಸೆಕ್ ಎಂದಿದ್ದಲ್ಲಿ ಒಟ್ಟು 1,00,000 ಕ್ಯುಸೆಕ್, ಅಂದರೆ ಪ್ರತಿ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್ ನೀರು ಬರುತ್ತಿದೆ ಎಂದರ್ಥ. ಒಂದು ದಿನದ ಸಂಖ್ಯೆಯನ್ನು ಮಾತ್ರ ನೋಡದೆ ಹಿಂದಿನ ದಿನದ ಸಂಖ್ಯೆಯೊಡನೆ ಹೋಲಿಸಬೇಕು. ಜಲಾಶಯದಿಂದ ಬಿಟ್ಟ ನೀರು ಈ ತಾಲೂಕುಗಳನ್ನು ತಲುಪಲು ಸಮಯ ಹಿಡಿಯುವುದರಿಂದ, ಬೆಳಿಗ್ಗೆ ದಾಟಿದ ಸೇತುವೆಯ ಮೇಲೆ ಸಂಜೆ ಬರುವ ನೀರು ಆಗಲೇ ಮೇಲಿನಿಂದ ಹೊರಟಿರುತ್ತದೆ. ಬೆಳಿಗ್ಗೆ ರಸ್ತೆ ತೆರೆದಿತ್ತೆಂಬುದು ಸಂಜೆಗೆ ಆಧಾರವಾಗದು.

ಮೊದಲು ಮುಳುಗುವ ಸೇತುವೆಗಳು

ಕೃಷ್ಣಾ ನದಿಯ ಕಲ್ಲೋಳ–ಯಡೂರ, ದೂಧಗಂಗಾ ನದಿಯ ಮಲಿಕವಾಡ–ದತ್ತವಾಡ ಹಾಗೂ ಕಾರದಗಾ–ಭೋಜ, ವೇದಗಂಗಾ ನದಿಯ ಭೋಜವಾಡಿ–ಕುನ್ನೂರ, ಸಿದ್ನಾಳ–ಅಕ್ಕೋಳ ಮತ್ತು ಜತ್ರಾಟ–ಭೀವಶಿ ಕೆಳಮಟ್ಟದ ಸೇತುವೆಗಳು ಪ್ರವಾಹದ ಆರಂಭದಲ್ಲಿಯೇ ಜಲಾವೃತವಾಗುತ್ತವೆ. ಇವುಗಳಲ್ಲಿ ಹೆಚ್ಚಿನವು ಬೇಸಿಗೆಯಲ್ಲಿ ನೀರು ನಿಲ್ಲಿಸಲು ಕಟ್ಟಿದ ಬಾಂದಾರಗಳು. ಮೇಲಿನ ರಸ್ತೆ ಅದರ ಹೆಚ್ಚುವರಿ ಉಪಯೋಗ. ಆದ್ದರಿಂದಲೇ ಇವುಗಳ ಎತ್ತರ ಕಡಿಮೆ. ಪ್ರವಾಹ ಏರಿದಾಗ ರಾಯಬಾಗ ತಾಲೂಕಿನ ಕುಡಚಿ ಮತ್ತು ಕಾಗವಾಡ ತಾಲೂಕಿನ ಉಗಾರ ನಡುವಿನ ರಸ್ತೆ ಸೇತುವೆಯೂ ಬಂದ್ ಆಗುತ್ತದೆ. ಅಂತಹ ಸಂದರ್ಭದಲ್ಲಿ ಸಮೀಪದ ರೈಲು ಸೇತುವೆಯ ಮೇಲೆ ನಡೆದು ದಾಟುವುದು ರೈಲ್ವೆ ಕಾಯ್ದೆಯಡಿ ಅಪರಾಧ, ಪ್ರಾಣಾಪಾಯವೂ ಹೌದು. 2019 ಹಾಗೂ 2021ರ ಪ್ರವಾಹಗಳಲ್ಲಿ ನಿಪ್ಪಾಣಿ ತಾಲೂಕಿನ ಯಮಗರ್ಣಿ ಬಳಿ ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯೇ ಸ್ಥಗಿತಗೊಂಡಿತ್ತು ಎಂಬುದನ್ನು ಗಮನಿಸಿದರೆ ಗ್ರಾಮೀಣ ಸೇತುವೆಗಳ ಸ್ಥಿತಿಯನ್ನು ಊಹಿಸಬಹುದು.

ಹರಿಯುವ ನೀರು ಒಂದು ಅಡಿ ಇದ್ದರೂ ಸಣ್ಣ ಕಾರನ್ನು ಸರಿಸಬಲ್ಲದು. ಎರಡು ಅಡಿ ಇದ್ದರೆ ಬಹುತೇಕ ವಾಹನಗಳು ತೇಲುತ್ತವೆ. ಟ್ರ್ಯಾಕ್ಟರ್ ಭಾರವಾದುದರಿಂದ ದಾಟಬಲ್ಲದೆಂಬ ನಂಬಿಕೆ ಸರಿಯಲ್ಲ, ಏಕೆಂದರೆ ನೀರಿನ ಅಡಿಯಲ್ಲಿ ಸೇತುವೆಯ ಅಂಚು ಕಾಣುವುದಿಲ್ಲ. ನೀರು ಇಳಿದ ನಂತರವೂ ಕೂಡುರಸ್ತೆ ಕೊಚ್ಚಿಹೋಗಿರುವ ಸಾಧ್ಯತೆ ಇರುವುದರಿಂದ, ಸೇತುವೆಯನ್ನು ಪರಿಶೀಲಿಸಿ ಅಡ್ಡಗಟ್ಟೆ ತೆಗೆಯುವವರೆಗೆ ಸಂಚರಿಸಕೂಡದು.

ಎರಡು ರಾಜ್ಯಗಳ ಸಹಕಾರ

ಕೃಷ್ಣಾ ಜಲವಿವಾದ ನ್ಯಾಯಾಧೀಕರಣದ 1976ರಲ್ಲಿ ಪ್ರಕಟವಾದ ತೀರ್ಪು ಮುಖ್ಯವಾಗಿ ನೀರಿನ ಹಂಚಿಕೆಯನ್ನು ಕುರಿತದ್ದು. ಪ್ರವಾಹದ ಮುನ್ನೆಚ್ಚರಿಕೆಯಾದರೋ ಉಭಯ ರಾಜ್ಯಗಳ ಅಧಿಕಾರಿಗಳ ದಿನನಿತ್ಯದ ಮಾಹಿತಿ ವಿನಿಮಯದ ಮೇಲೆ ನಿಂತಿದೆ. 2005 ಮತ್ತು 2019ರ ಮಹಾಪೂರಗಳ ಅನುಭವದ ಹಿನ್ನೆಲೆಯಲ್ಲಿ 2021ರ ಜೂನ್ ತಿಂಗಳಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವರು ಬೆಂಗಳೂರಿನಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳನ್ನು ಭೇಟಿಯಾಗಿ, ಕೃಷ್ಣಾ ಮತ್ತು ಭೀಮಾ ಕಣಿವೆಗಳ ಪ್ರವಾಹ ನಿರ್ವಹಣೆಯಲ್ಲಿ ಸಮನ್ವಯದ ಕುರಿತು ಚರ್ಚಿಸಿದರು. ಮರುತಿಂಗಳೇ ಪ್ರವಾಹ ಬಂದಿತು. ಕೇಂದ್ರ ಜಲ ಆಯೋಗವು ಕೃಷ್ಣೆಯ ಕುರುಂದವಾಡ ಹಾಗೂ ದೂಧಗಂಗೆಯ ಸದಲಗಾದಲ್ಲಿ ವೀಕ್ಷಣಾ ಕೇಂದ್ರಗಳನ್ನು ಹೊಂದಿದೆ. ಕೆಳಭಾಗದಲ್ಲಿ ಹಿಪ್ಪರಗಿ ಬ್ಯಾರೇಜ್ ಮತ್ತು 519.60 ಮೀಟರ್ ಗರಿಷ್ಠ ಮಟ್ಟದ ಆಲಮಟ್ಟಿ ಜಲಾಶಯಗಳ ನಿರ್ವಹಣೆಗೂ ಮೇಲಿನಿಂದ ಬರುವ ಇದೇ ಮಾಹಿತಿ ಬೇಕು.

ಒಂದೇ ಜಲಮಾರ್ಗವನ್ನು ಹಲವು ಆಡಳಿತಗಳು ಕಾಯಬೇಕಾದ ಸ್ಥಿತಿ ಸಮುದ್ರದಲ್ಲಿಯೂ ಉಂಟು. ಹಡಗುಗಳ ದಟ್ಟಣೆಯ ಮಲಕ್ಕಾ ಜಲಸಂಧಿಯಲ್ಲಿ 300 ಟನ್ ಹಾಗೂ ಅದಕ್ಕಿಂತ ದೊಡ್ಡ ಹಡಗುಗಳು ದಡದ ಕೇಂದ್ರಗಳಿಗೆ ವರದಿ ನೀಡುವುದು 1998ರಿಂದ ಕಡ್ಡಾಯವಾಯಿತು. 2007ರಲ್ಲಿ ಇಂಡೋನೇಷ್ಯಾ, ಮಲೇಷ್ಯಾ ಮತ್ತು ಸಿಂಗಾಪುರ ದೇಶಗಳು ಬಳಕೆದಾರ ರಾಷ್ಟ್ರಗಳೊಂದಿಗೆ ಸಹಕಾರ ವ್ಯವಸ್ಥೆಯನ್ನು ರೂಪಿಸಿಕೊಂಡವು. ಕೃಷ್ಣೆಯಲ್ಲಿ ಹಡಗುಗಳಿಲ್ಲ. ಆದರೆ ಕಾಗವಾಡ ತಾಲೂಕಿನ ಜುಗೂಳದಿಂದ ಹೊರಟ ದೋಣಿ ಎದುರು ದಡದ ಖಿದ್ರಾಪುರವನ್ನು ಮುಟ್ಟಿದಾಗ ಅದು ಮತ್ತೊಂದು ರಾಜ್ಯವನ್ನು ತಲುಪಿರುತ್ತದೆ.

ದೋಣಿ ನಡೆಸುವವರಿಗೆ

2016ರ ಕಾಯ್ದೆಯಂತೆ ಕೃಷ್ಣೆಯ ರಾಷ್ಟ್ರೀಯ ಜಲಮಾರ್ಗವು ಬಾಗಲಕೋಟೆ ಜಿಲ್ಲೆಯ ಗಲಗಲಿಯಿಂದ ಕೆಳಗಿನ ಭಾಗಕ್ಕೆ ಸೀಮಿತವಾಗಿದ್ದು, ಈ ತಾಲೂಕುಗಳ ನದಿಭಾಗ ಅದರಲ್ಲಿ ಸೇರಿಲ್ಲ. ಆದರೆ 2022ರ ಜೂನ್ 7ರಿಂದ ಜಾರಿಗೆ ಬಂದ ಒಳನಾಡು ಹಡಗುಗಳ ಕಾಯ್ದೆ, 2021 ಇಲ್ಲಿಗೂ ಅನ್ವಯಿಸುತ್ತದೆ. ಯಂತ್ರಚಾಲಿತ ದೋಣಿಗೆ ತಪಾಸಣೆ, ನೋಂದಣಿ ಮತ್ತು ವಿಮೆ ಬೇಕು. ಒಂದು ರಾಜ್ಯದ ನೋಂದಣಿ ಪತ್ರ ದೇಶದಾದ್ಯಂತ ಮಾನ್ಯವಾಗಿರುವುದರಿಂದ ಎರಡೂ ದಡಗಳಲ್ಲಿ ಬೇರೆ ಬೇರೆ ನೋಂದಣಿ ಮಾಡಿಸಬೇಕಿಲ್ಲ. ಹುಟ್ಟು ಹಾಕುವ ದೋಣಿಗಳ ಮಾಲೀಕರು ತಮ್ಮ ಗ್ರಾಮ ಪಂಚಾಯತಿಯಲ್ಲಿ ಮೊದಲು ವಿಚಾರಿಸತಕ್ಕದ್ದು.

ಜೀವರಕ್ಷಕ ಜಾಕೆಟ್ ಇಲ್ಲದೆ ಪ್ರಯಾಣಿಕರನ್ನು ಹತ್ತಿಸಬಾರದು. ದ್ವಿಚಕ್ರ ವಾಹನ, ಮೇವಿನ ಹೊರೆ ಹಾಗೂ ಜನರನ್ನು ಒಂದೇ ದೋಣಿಯಲ್ಲಿ ತುಂಬುವುದು ಅಪಾಯಕರ. ಬೆಲ್ಲದ ಕೊಪ್ಪರಿಗೆ, ಟ್ರ್ಯಾಕ್ಟರ್ ಟ್ಯೂಬು, ಬ್ಯಾರೆಲ್‌ಗಳನ್ನು ದೋಣಿಯಂತೆ ಬಳಸಕೂಡದು. ತೋಟದ ವಸತಿಗಳಲ್ಲಿರುವ ಗರ್ಭಿಣಿಯರು ಮತ್ತು ರೋಗಿಗಳ ಸ್ಥಳಾಂತರವನ್ನು ಕುಟುಂಬದವರು ನೀರು ಬರುವ ಮೊದಲೇ ಗ್ರಾಮ ಆಡಳಿತಾಧಿಕಾರಿಯ ಗಮನಕ್ಕೆ ತರಬೇಕು. ರಾತ್ರಿ ವೇಳೆ ಪ್ರವಾಹದಲ್ಲಿ ದೋಣಿ ಕಳುಹಿಸುವುದು ರಕ್ಷಣಾ ಸಿಬ್ಬಂದಿಗೂ ಕಷ್ಟ.

ಅವಘಡ ಸಂಭವಿಸಿದಲ್ಲಿ

ತುರ್ತು ಸಂದರ್ಭದಲ್ಲಿ 112 ಅಥವಾ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ, ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬಹುದು. ಕರೆ ಮಾಡುವವರು ಊರಿನ ಹೆಸರಿನೊಂದಿಗೆ ಯಾವ ದಡ, ಯಾವ ಸೇತುವೆಯ ಮೇಲ್ಭಾಗ ಅಥವಾ ಕೆಳಭಾಗ ಎಂಬುದನ್ನೂ ತಿಳಿಸಬೇಕು. ಗಡಿಯಲ್ಲಿ ಇದರಿಂದ ಬಹಳಷ್ಟು ಸಮಯ ಉಳಿಯುತ್ತದೆ. ಘಟನೆ ಯಾವ ರಾಜ್ಯದ ದಡದಲ್ಲಿ ನಡೆದಿದ್ದರೂ ದೂರನ್ನು ಸಮೀಪದ ಯಾವುದೇ ಪೊಲೀಸ್ ಠಾಣೆಯಲ್ಲಿ ನೀಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಠಾಣಾ ವ್ಯಾಪ್ತಿಯ ಕಾರಣದಿಂದ ಅದನ್ನು ನಿರಾಕರಿಸುವಂತಿಲ್ಲ.

ಪ್ರವಾಹದಿಂದ ಮೃತಪಟ್ಟವರ ಕುಟುಂಬಕ್ಕೆ ರಾಜ್ಯ ವಿಪತ್ತು ಪರಿಹಾರ ನಿಧಿಯ 2022–26ನೇ ಅವಧಿಯ ಮಾನದಂಡದಲ್ಲಿ ರೂ. 4 ಲಕ್ಷ ಪರಿಹಾರ ನಿಗದಿಯಾಗಿತ್ತು. ಸಾವಿನ ಕಾರಣವನ್ನು ಸಕ್ಷಮ ಪ್ರಾಧಿಕಾರ ದೃಢೀಕರಿಸುವುದು ಇದರ ಷರತ್ತು. ದುಃಖದಲ್ಲಿರುವ ಕುಟುಂಬಗಳು ಮರಣೋತ್ತರ ಪರೀಕ್ಷೆ ಬೇಡವೆಂದು ಶವವನ್ನು ನೇರವಾಗಿ ಊರಿಗೆ ಒಯ್ದಲ್ಲಿ ಈ ದೃಢೀಕರಣ ಕಠಿಣವಾಗುತ್ತದೆ. ಅರ್ಜಿಯನ್ನು ಪ್ರಥಮ ವರ್ತಮಾನ ವರದಿ, ಮರಣೋತ್ತರ ಪರೀಕ್ಷಾ ವರದಿ, ಮರಣ ಪ್ರಮಾಣ ಪತ್ರ, ವಾರಸುದಾರರ ದಾಖಲೆ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಪ್ರತಿಗಳೊಂದಿಗೆ ಸಂಬಂಧಪಟ್ಟ ತಹಶೀಲ್ದಾರ ಕಚೇರಿಗೆ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಮಹಾರಾಷ್ಟ್ರದ ಆಸ್ಪತ್ರೆಯಲ್ಲಿ ಪರೀಕ್ಷೆ ನಡೆದಿದ್ದಲ್ಲಿ ಮರಾಠಿ ದಾಖಲೆಗಳ ಮೂಲ ಪ್ರತಿಯೊಂದಿಗೆ ಕನ್ನಡ ಅನುವಾದವನ್ನೂ ಲಗತ್ತಿಸಿದರೆ ಪರಿಶೀಲನೆ ಸುಲಭವಾಗುತ್ತದೆ.