ಸೀಮೆಬದನೆಯೂ ಲಾಲ್‌ಬಾಗೂ

ಲಾಲ್‌ಬಾಗ್ ಎಂದೊಡನೆ ಗಾಜಿನ ಮನೆ, ಫಲಪುಷ್ಪ ಪ್ರದರ್ಶನಗಳು ನೆನಪಾಗುತ್ತವೆ. ಹೈದರ್ ಅಲಿ 1760ರಲ್ಲಿ ಆರಂಭಿಸಿದ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಈ ತೋಟ, ಹೊರನಾಡಿನ ಸಸ್ಯಗಳನ್ನು ನಮ್ಮ ಮಣ್ಣು, ಹವೆಗೆ ಒಗ್ಗಿಸುವ ಪ್ರಯೋಗಶಾಲೆಯೂ ಆಗಿತ್ತು.

1874ರಲ್ಲಿ ಇದರ ಹೊಣೆ ಹೊತ್ತ ಜಾನ್ ಕ್ಯಾಮರಾನ್ ತಂದ ಸಸ್ಯಗಳಲ್ಲಿ ಸೀಮೆಬದನೆ ಒಂದು. ಹೆಸರಿಗೆ ಬದನೆ, ಕುಟುಂಬ ಸೌತೆ, ಕುಂಬಳಗಳದು. ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಕಾಯಿಯಲ್ಲಿರುವುದು ಒಂದೇ ಬೀಜ. ಅದು ಕಾಯಿಯೊಳಗೇ ಮೊಳೆಯುತ್ತದೆ, ಒಣಗಿಸಿದರೆ ಸಾಯುತ್ತದೆ. ರಾಗಿಯಂತೆ ಬೀಜವನ್ನು ಕಟ್ಟಿಡಲಾಗದು, ಇಡೀ ಕಾಯಿಯನ್ನೇ ನೆಡಬೇಕು. ಇಂಥ ಬೆಳೆ ಹೊಸ ನಾಡಿನಲ್ಲಿ ನೆಲೆಯೂರಬೇಕಾದರೆ ಬಳ್ಳಿಯನ್ನು ಜೀವಂತವಾಗಿ ಕಾಪಾಡಿ, ಹಂಚುವ ತೋಟವೊಂದು ಬೇಕು. ಬೆಂಗಳೂರಿನ ಸುತ್ತ ಇದು ಎಷ್ಟು ಒಗ್ಗಿತೆಂದರೆ, ತಮಿಳರು ಇದನ್ನು ‘ಬೆಂಗಳೂರು ಕತ್ತರಿಕ್ಕಾಯ್’, ಅಂದರೆ ಬೆಂಗಳೂರು ಬದನೆ, ಎನ್ನುತ್ತಾರೆ. ನಮಗೆ ಮಾತ್ರ ಅದಿನ್ನೂ ‘ಸೀಮೆ’ಯದೇ!

ಆದರೆ ಉದ್ಯಾನಗಳಿಗೆ ತಂದ ಗಿಡಗಳೆಲ್ಲ ಅಡುಗೆಮನೆ ಸೇರಲಿಲ್ಲ. 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕೊಲ್ಕತ್ತದ ಸಸ್ಯೋದ್ಯಾನಕ್ಕೆ ಬಂದ ಲಂಟಾನ ಬೇಲಿ ದಾಟಿತು. ಅದರ ಪುಟ್ಟ ಹಣ್ಣುಗಳನ್ನು ತಿಂದ ಹಕ್ಕಿಗಳು ಬೀಜಗಳನ್ನು ದೂರದೂರಕ್ಕೆ ಒಯ್ದವು. ಇಂದು ಬಂಡೀಪುರ, ಬಿಳಿಗಿರಿರಂಗನಬೆಟ್ಟಗಳ ಕಾಡಿನಲ್ಲಿ ಅದು ನೆಲವನ್ನು ದಟ್ಟವಾಗಿ ಆವರಿಸಿ, ಅಲ್ಲಿನ ಮರಗಳ ಎಳೆಯ ಸಸಿಗಳು ಮೇಲೇಳದಂತೆ ಮಾಡಿದೆ.